ಕನ್ನಡ ಸೊರಗುವುದು ಇನ್ನೊಂದು ಭಾಷೆ ಕಲಿತರಾ, ಕನ್ನಡಕ್ಕೆ ಕೆಲಸ ತಪ್ಪಿದರಾ?

2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿಯನ್ನು ಸರ್ಕಾರಕ್ಕೆ ಕೊಟ್ಟಿತು. ವರದಿಯಲ್ಲಿ ಹತ್ತಾರು ವಿಷಯಗಳಿದ್ದರೂ ಜನರ ಕಿವಿಗೆ ಬಿದ್ದಿದ್ದು ಮುಖ್ಯವಾಗಿ ಎರಡು. ಶಾಲೆಯಲ್ಲಿ ಮೂರು ಭಾಷೆ ಬೇಡ, ಕನ್ನಡ ಅಥವಾ ಮಾತೃಭಾಷೆಯ ಜೊತೆ ಇಂಗ್ಲಿಷ್ ಇದ್ದರೆ ಸಾಕು ಅನ್ನುವುದು ಮೊದಲನೆಯದು. ಕನಿಷ್ಠ ಐದನೇ ತರಗತಿವರೆಗೆ ಪಾಠ ನಡೆಯುವುದು ಕನ್ನಡದಲ್ಲಿ ಅಥವಾ ಮಾತೃಭಾಷೆಯಲ್ಲೇ ಆಗಿರಬೇಕು ಅನ್ನುವುದು ಎರಡನೆಯದು.

ಅತ್ತ ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆ ಇರಲಿ, ಅದರಲ್ಲಿ ಎರಡಾದರೂ ಭಾರತದವೇ ಆಗಿರಲಿ ಎನ್ನುತ್ತದೆ. ಪಕ್ಕದ ಮಹಾರಾಷ್ಟ್ರ 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಎಂದು ಆದೇಶ ಹೊರಡಿಸಿತು, ಗಲಾಟೆ ಜೋರಾದ ಮೇಲೆ ಜೂನ್ ಕೊನೆಯಲ್ಲಿ ಅದನ್ನು ವಾಪಸ್ ತೆಗೆದುಕೊಂಡಿತು. ತಮಿಳುನಾಡು 1968ರಿಂದಲೂ ಎರಡೇ ಭಾಷೆ ಎಂದು ಪಟ್ಟು ಹಿಡಿದು ಕೂತಿದೆ.

ತಲೆ ಕೆಡುವುದು ಇಲ್ಲೇ. "ಚಿಕ್ಕ ಮಕ್ಕಳು ಎಷ್ಟು ಭಾಷೆ ಬೇಕಾದರೂ ಕಲಿಯುತ್ತಾರೆ, ಕಲಿತಷ್ಟೂ ಬುದ್ಧಿ ಚುರುಕು" ಎಂದು ಒಬ್ಬರು ಹೇಳುತ್ತಾರೆ. "ಮೂರನೇ ಭಾಷೆ ಹೇರಿದರೆ ಇರುವ ಕನ್ನಡವೂ ಕೈಬಿಡುತ್ತದೆ" ಎಂದು ಇನ್ನೊಬ್ಬರು. ಇಬ್ಬರೂ ಸಂಶೋಧನೆ ನಮ್ಮ ಕಡೆ ಇದೆ ಎನ್ನುತ್ತಾರೆ. ತಮಾಷೆ ಎಂದರೆ ಇಬ್ಬರಿಗೂ ಸಂಶೋಧನೆಯ ಬೆಂಬಲ ಇದೆ, ಆದರೆ ಬೇರೆ ಬೇರೆ ಪ್ರಶ್ನೆಗೆ.

ಪ್ರಶ್ನೆ ಒಂದಲ್ಲ

ಒಂದು ಮಗು ವಾರಕ್ಕೆ ನಾಲ್ಕು ಪೀರಿಯಡ್ ಹಿಂದಿ ಕಲಿಯುತ್ತದೆ. ಇನ್ನೊಂದು ಮಗು ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಓದುತ್ತದೆ. ಮತ್ತೊಂದು ಮಗು ಡಲ್ಲಾಸ್‌ನಲ್ಲೋ ದುಬೈಯಲ್ಲೋ ಬೆಳೆಯುತ್ತಿದೆ, ಅದು ಕನ್ನಡ ಕೇಳುವುದು ಅಪ್ಪ ಅಮ್ಮ ಮಾತಾಡುವಾಗ ಮಾತ್ರ. ಮೂರಕ್ಕೂ ನಾವು "ಬೇರೆ ಭಾಷೆ ಕಲಿಯುವುದು" ಎಂದೇ ಹೆಸರಿಡುತ್ತೇವೆ. ಕನ್ನಡದ ಮೇಲೆ ಆಗುವ ಪರಿಣಾಮ ಮಾತ್ರ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಮೊದಲನೆಯದರ ಬಗ್ಗೆ ನಡೆದ ಅಧ್ಯಯನ ತಂದು ಎರಡನೆಯದಕ್ಕೆ ಅಂಟಿಸುವುದು, ಮೂರನೆಯದರ ಭಯ ತಂದು ಮೊದಲನೆಯದಕ್ಕೆ ಅಂಟಿಸುವುದು, ನಮ್ಮ ಚರ್ಚೆಯಲ್ಲಿ ಮುಕ್ಕಾಲು ಪಾಲು ನಡೆಯುವುದು ಇದೇ.

ಕಲಿತರೆ ಆಗುವ ಲಾಭ

ಮೊದಲು ಒಳ್ಳೆಯ ಸುದ್ದಿ. ಸೋವಿಯತ್ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1930ರ ದಶಕದಲ್ಲೇ ಒಂದು ಮಾತು ಹೇಳಿದ್ದರು. ಬೀಜಗಣಿತ ಕಲಿತ ಮೇಲೆ ಅಂಕಗಣಿತ ಇನ್ನೂ ಚೆನ್ನಾಗಿ ಅರ್ಥವಾಗುವ ಹಾಗೆ, ಇನ್ನೊಂದು ಭಾಷೆ ಕಲಿತ ಮೇಲೆ ಸ್ವಂತ ಭಾಷೆ ಹೊಸದಾಗಿ ಕಾಣಿಸುತ್ತದೆ ಎಂದು. "ನನಗೆ ಹಸಿವಾಗಿದೆ" ಎಂದು ಹುಟ್ಟಿದಾಗಿನಿಂದ ಹೇಳುತ್ತಿದ್ದ ಮಗು ಇಂಗ್ಲಿಷ್‌ನಲ್ಲಿ "ಐ ಆ್ಯಮ್ ಹಂಗ್ರಿ" ಎಂದು ಕಲಿಯುತ್ತದೆ. ಕನ್ನಡದಲ್ಲಿ ಹಸಿವು ನನಗೆ ಆಗುವಂಥದ್ದು, ಅಲ್ಲಿ ನಾನೇ ಹಸಿದವನು ಅನ್ನುವ ವ್ಯತ್ಯಾಸ ಅಲ್ಲಿಯವರೆಗೆ ಅದರ ಗಮನಕ್ಕೆ ಬರಲು ಕಾರಣವೇ ಇರಲಿಲ್ಲ. ಮೀನಿಗೆ ನೀರು ಕಾಣುವುದಿಲ್ಲವಲ್ಲ, ಹಾಗೆ.

ಹಂಗೇರಿಯಲ್ಲಿ ಕೆಚ್‌ಕೆಶ್ ಮತ್ತು ಪಾಪ್ ಎಂಬ ಇಬ್ಬರು ಸಂಶೋಧಕರು ಹೈಸ್ಕೂಲ್ ಮಕ್ಕಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷೆ ಮಾಡಿದರು. ವಿದೇಶಿ ಭಾಷೆಯನ್ನು ಗಟ್ಟಿಯಾಗಿ, ಹೆಚ್ಚು ಹೊತ್ತು ಕಲಿತ ಮಕ್ಕಳು ಹಂಗೇರಿಯನ್‌ನಲ್ಲಿ ಬರೆಯುವ ವಾಕ್ಯಗಳೂ ಸುಧಾರಿಸಿದ್ದವು. ವಿಚಾರವನ್ನು ಒಂದಕ್ಕೊಂದು ಜೋಡಿಸುವ, ಉದ್ದ ವಾಕ್ಯವನ್ನು ತಪ್ಪಿಲ್ಲದೆ ಕಟ್ಟುವ ಶಕ್ತಿ ಹೆಚ್ಚಿತ್ತು. ಇದಕ್ಕೊಂದು ಷರತ್ತು ಇದೆ, ಹಂಚಿಕೊಳ್ಳುವ ಪೋಸ್ಟ್‌ಗಳಲ್ಲಿ ಅದು ಬಿಟ್ಟುಹೋಗುತ್ತದೆ. ಸುಮ್ನೆ ಹೆಸರಿಗೆ ಕಲಿತವರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ಎರಡನೇ ಭಾಷೆ ಚೆನ್ನಾಗಿ ಬಂದರೆ ಮಾತ್ರ ಅದರ ಲಾಭ ಮೊದಲನೆಯದಕ್ಕೂ ಹರಿಯುತ್ತದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಒಡಿಶಾದ ಕಂಧಮಾಲ್ ಇದೆ. ಅಲ್ಲಿನ ಕೊಂಡ ಸಮುದಾಯದಲ್ಲಿ ಕೆಲವು ಕಡೆ ಮಕ್ಕಳು ತಮ್ಮ ಕುಯಿ ಭಾಷೆಯನ್ನೂ ಒಡಿಯಾವನ್ನೂ ಆಡುತ್ತಾರೆ, ಇನ್ನು ಕೆಲವು ಕಡೆ ಕುಯಿ ಮರೆತುಹೋಗಿ ಒಡಿಯಾ ಮಾತ್ರ ಉಳಿದಿದೆ. ಅಜಿತ್ ಮೊಹಂತಿ ಅವರು ಈ ಎರಡೂ ಗುಂಪನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಭಾಷೆಯ ಬಗ್ಗೆ ಯೋಚಿಸುವ ಪರೀಕ್ಷೆಗಳಲ್ಲಿ ಎರಡು ಭಾಷೆಯ ಮಕ್ಕಳೇ ಮುಂದಿದ್ದರು. ಸಮುದಾಯ ಒಂದೇ, ಬಡತನ ಒಂದೇ. ಬೇರೆ ಇದ್ದದ್ದು ಭಾಷೆ ಮಾತ್ರ.

ಸ್ವಲ್ಪ ನಷ್ಟವೂ ಇದೆ

"ನಷ್ಟ ಏನೂ ಇಲ್ಲ" ಎಂದು ಹೇಳುವವರನ್ನು ನಂಬಬೇಡಿ. ಎರಡು ಭಾಷೆಯನ್ನು ದಿನವೂ ಬಳಸುವವರು, ಚಿತ್ರ ನೋಡಿ ಹೆಸರು ಹೇಳುವ ಪರೀಕ್ಷೆಯಲ್ಲಿ ಒಂದೇ ಭಾಷೆಯವರಿಗಿಂತ ಒಂದು ಚೂರು ನಿಧಾನ. "ನಾಲಿಗೆ ತುದಿಯಲ್ಲೇ ಇದೆ, ಬರ್ತಿಲ್ಲ" ಅನ್ನುವ ಪರದಾಟವೂ ಇವರಲ್ಲಿ ಜಾಸ್ತಿ. ತಮಗೆ ಚೆನ್ನಾಗಿ ಬರುವ ಭಾಷೆಯಲ್ಲೂ ಹೀಗಾಗುತ್ತದೆ.

ಕಾರಣ ಸರಳ. ದಿನಕ್ಕೆ ಆಡುವ ಮಾತು ಇಷ್ಟೇ ತಾನೇ? ಅದು ಎರಡು ಭಾಷೆಗೆ ಹಂಚಿಹೋದರೆ ಒಂದೊಂದು ಪದದ ಬಳಕೆಯೂ ಕಡಿಮೆಯಾಗುತ್ತದೆ. ಜನ ಓಡಾಡಿದಷ್ಟೂ ಕಾಲುದಾರಿ ಸವೆದು ಸಲೀಸಾಗುತ್ತದೆ, ಓಡಾಟ ಕಡಿಮೆಯಾದರೆ ಹುಲ್ಲು ಬೆಳೆಯುತ್ತದೆ. ಹುಲ್ಲು ಬೆಳೆದ ಮಾತ್ರಕ್ಕೆ ದಾರಿ ಇಲ್ಲವಾಗುವುದಿಲ್ಲ. ಹುಡುಕಿಕೊಂಡು ಹೋಗಬೇಕು, ಅಷ್ಟೇ.

ಹಾಗಾದರೆ ದಾರಿ ಪೂರ್ತಿ ಮುಚ್ಚುವುದು ಯಾವಾಗ? ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸ್‌ನ ಮನೆಗಳಿಗೆ ದತ್ತು ಹೋಗಿ ಬೆಳೆದು ದೊಡ್ಡವರಾದವರ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕೊರಿಯನ್ ವಾಕ್ಯ ಕೇಳಿಸಿದರೆ ಅದು ಕೊರಿಯನ್ ಎಂದು ಗುರುತಿಸಲೂ ಅವರಿಗೆ ಆಗಲಿಲ್ಲ. ಮೆದುಳಿನ ಸ್ಕ್ಯಾನ್‌ನಲ್ಲೂ ಹುಟ್ಟಾ ಫ್ರೆಂಚರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ಎಂಟು ವರ್ಷದವರೆಗೆ ಆಡಿದ ಭಾಷೆಯೂ ಹೀಗೆ ಅಳಿಸಿಹೋಗಬಹುದು! ಆದರೆ ಅದು ಅಳಿಸಿದ್ದು ಫ್ರೆಂಚ್ ಬಂದದ್ದರಿಂದ ಅಂತಲ್ಲ, ಕೊರಿಯನ್ ಕಿವಿಗೆ ಬೀಳುವುದು ಪೂರ್ತಿ ನಿಂತದ್ದರಿಂದ. ಮುಂದೆ ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥವರಿಗೇ ಕೊರಿಯನ್ ಧ್ವನಿಗಳನ್ನು ಮತ್ತೆ ಕಲಿಸಿದಾಗ ಇತರರಿಗಿಂತ ಬೇಗ ಹಿಡಿದರಂತೆ. ತೀರಾ ಆಳದಲ್ಲಿ ಏನೋ ಉಳಿದಿರುತ್ತದೆ.

ಇನ್ನೊಂದು ಅಧ್ಯಯನ ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲಿಷ್ ಆಡುವ ದೇಶಗಳಿಗೆ ಹೋದ ಯಹೂದಿಗಳದ್ದು. ಮೋನಿಕಾ ಶ್ಮಿಡ್ ಅವರು ಆ ವೃದ್ಧರ ಜರ್ಮನ್ ಮಾತನ್ನು ಪರಿಶೀಲಿಸಿದಾಗ, ಎಷ್ಟನೇ ವಯಸ್ಸಿಗೆ ಹೋದರು ಅನ್ನುವುದಕ್ಕಿಂತ ಯಾವಾಗ ಹೋದರು ಅನ್ನುವುದೇ ಮುಖ್ಯವಾಗಿ ಕಂಡಿತು. ಹಿಂಸೆ ಜೋರಾಗುವ ಮೊದಲು ಹೊರಟವರ ಜರ್ಮನ್ ಚೆನ್ನಾಗಿ ಉಳಿದಿತ್ತು. 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಗಳನ್ನು ಕಂಡು ಆಮೇಲೆ ಹೊರಟವರದ್ದು ಹೆಚ್ಚು ಹಾಳಾಗಿತ್ತು. ಆ ಭಾಷೆಯ ಮೇಲೆ ಮನಸ್ಸೇ ಮುರಿದಿತ್ತು. ಇದನ್ನು ಕರ್ನಾಟಕಕ್ಕೆ ನೇರ ತಂದು ಕೂರಿಸಲಾಗದು, ನಿಜ. ಆದರೂ ಶಾಲೆ ಕಾಂಪೌಂಡಿನೊಳಗೆ ಕನ್ನಡ ಆಡಿದರೆ ದಂಡ ಹಾಕುವ ಪದ್ಧತಿ ಮಗುವಿಗೆ ತನ್ನ ಭಾಷೆಯ ಬಗ್ಗೆ ಯಾವ ಭಾವನೆ ಕಲಿಸುತ್ತದೆ ಅನ್ನುವುದನ್ನು ಕೇಳಿಕೊಳ್ಳಬಹುದು.

ಅಡುಗೆಮನೆಯ ಕನ್ನಡ, ಪಾಠದ ಕನ್ನಡ

ಈಗ ಬರುವುದು ಇಡೀ ಚರ್ಚೆಯ ನಡುಗಂಬ. ಕೆನಡಾದಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಸಂಗಡಿಗರು 3ರಿಂದ 10 ವರ್ಷದ 1,738 ಮಕ್ಕಳ ಇಂಗ್ಲಿಷ್ ಪದಸಂಪತ್ತನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಬೇರೆ ಭಾಷೆ ಇದ್ದ ಮಕ್ಕಳಿಗೆ ಇಂಗ್ಲಿಷ್ ಪದಗಳು ಕಡಿಮೆ ಗೊತ್ತಿದ್ದವು. ಇಷ್ಟೇ ಆಗಿದ್ದರೆ ಹೊಸತೇನಲ್ಲ. ಯಾವ ಪದಗಳು ಗೊತ್ತಿಲ್ಲ ಎಂದು ಬಿಡಿಸಿ ನೋಡಿದಾಗ ಬಹುಪಾಲು ಮನೆಗೆ ಸೇರಿದ ಪದಗಳೇ ಆಗಿದ್ದವು. ಶಾಲೆಗೆ ಸೇರಿದ ಪದಗಳಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ.

ಅಂದರೆ ಭಾಷೆ ಒಂದು ಕೊಡದಲ್ಲಿರುವ ನೀರಿನಂತೆ ಎಲ್ಲ ಕಡೆಯೂ ಸಮನಾಗಿ ಇಳಿಯುವುದಿಲ್ಲ. ಯಾವ ಜಾಗದಲ್ಲಿ ಬಳಕೆ ಇಲ್ಲವೋ ಆ ಜಾಗದ ಪದಗಳು ಮಾತ್ರ ಇರುವುದಿಲ್ಲ.

ಇದನ್ನು ತಿರುಗಿಸಿ ಹಿಡಿದರೆ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಇಂಗ್ಲಿಷ್ ಮಾಧ್ಯಮದ ಮಗು ಕಾಣುತ್ತದೆ. ಅದರ ಕನ್ನಡಕ್ಕೆ ಏನಾಗಿದೆ? ಅಜ್ಜಿ ಜೊತೆ ಜಗಳ ಆಡುತ್ತದೆ, ಒಗ್ಗರಣೆ, ಚಟ್ನಿ, ಕಸಬರಿಗೆ ಎಲ್ಲ ಗೊತ್ತು, ಉಚ್ಚಾರಣೆಯಲ್ಲಿ ತಪ್ಪಿಲ್ಲ. ಆದರೆ "ಎಂಬತ್ತೊಂಬತ್ತು ರೂಪಾಯಿ" ಎಂದರೆ "ಅಂದ್ರೆ ಎಷ್ಟು?" ಎಂದು ಕೇಳುತ್ತದೆ. ಫೋನ್ ನಂಬರ್ ಕನ್ನಡದಲ್ಲಿ ಹೇಳಿದರೆ ಬರೆದುಕೊಳ್ಳಲು ಬರುವುದಿಲ್ಲ. ಭಿನ್ನರಾಶಿ, ಆವಿ, ಬೇರು, ದಳ, ತ್ರಿಜ್ಯ, ಗುರುತ್ವ, ಅಕ್ಷಾಂಶ ಇವೆಲ್ಲ ಇಂಗ್ಲಿಷ್‌ನಲ್ಲೇ ತಲೆಗೆ ಹೋಗಿರುವುದರಿಂದ ಆ ವಿಷಯ ಬಂದ ಕೂಡಲೇ ಮಾತು ಇಂಗ್ಲಿಷ್‌ಗೆ ಹೊರಳುತ್ತದೆ. ಮಗುವಿಗೆ ಕನ್ನಡ ಮರೆತಿಲ್ಲ. ಆ ಕೋಣೆಯೊಳಗೆ ಕನ್ನಡ ಕಾಲೇ ಇಟ್ಟಿಲ್ಲ.

ಇದೇ ಮಗು ದೊಡ್ಡವನಾಗಿ ಡಾಕ್ಟರೋ ಎಂಜಿನಿಯರೋ ಆದಾಗ ಹಳ್ಳಿಯಿಂದ ಬಂದವರಿಗೆ ಕಾಯಿಲೆ ಬಿಡಿಸಿ ಹೇಳಲು ಪದ ಸಿಗುವುದಿಲ್ಲ. ಪತ್ರಿಕೆಯ ಸಂಪಾದಕೀಯ ಓದುವುದು ಬೆಟ್ಟ ಹತ್ತಿದ ಹಾಗೆ. ಆಗ ಮನೆಯವರು "ಮೂರ್ನಾಲ್ಕು ಭಾಷೆ ಕಲಿಸಿ ಕನ್ನಡ ಕೆಟ್ಟಿತು" ಎನ್ನುತ್ತಾರೆ. ಕೆಟ್ಟದ್ದು ಭಾಷೆಗಳ ಎಣಿಕೆಯಿಂದಲ್ಲ. ಹತ್ತು ಹನ್ನೆರಡು ವರ್ಷ ಗಂಭೀರವಾದ ಯಾವ ಕೆಲಸವನ್ನೂ ಕನ್ನಡಕ್ಕೆ ಕೊಡದೆ ಕೂರಿಸಿದ್ದರಿಂದ.

ಕೆನಡಾದ ಊರೊಂದರ ಕಥೆ

ಇಂಗ್ಲಿಷ್ ಮಾಧ್ಯಮದ ಪರ ಇರುವವರು ತರುವ ಬಲವಾದ ಸಾಕ್ಷಿ ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್ ಊರಿನದು. 1965ರಲ್ಲಿ ಅಲ್ಲಿನ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ತಮ್ಮ ಮಕ್ಕಳಿಗೆ ಶಿಶುವಿಹಾರದಿಂದಲೇ ಪೂರ್ತಿ ಫ್ರೆಂಚ್‌ನಲ್ಲಿ ಪಾಠ ಮಾಡಿಸಿದರು. ಮೊದಲೆರಡು ವರ್ಷ ಮಕ್ಕಳ ಇಂಗ್ಲಿಷ್ ಓದು, ಸ್ಪೆಲಿಂಗ್ ಹಿಂದೆ ಬಿತ್ತು. ಆಮೇಲೆ ಇಂಗ್ಲಿಷ್ ಪಾಠ ಶುರುವಾಯಿತು, ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ ಇಂಗ್ಲಿಷ್ ಶಾಲೆಯ ಮಕ್ಕಳ ಸಮಕ್ಕೆ ಬಂದರು. ಫ್ರೆಂಚ್ ಲಾಭಕ್ಕೆ ಬಂತು. ಇದನ್ನು ಅಧ್ಯಯನ ಮಾಡಿದ ವಾಲೇಸ್ ಲ್ಯಾಂಬರ್ಟ್ (ಊರಿನ ಹೆಸರೂ ಇವರ ಹೆಸರೂ ಕೂಡಿದ್ದು ಬರೀ ಆಕಸ್ಮಿಕ) ಮುಂದೆ ಕೂಡುವ ದ್ವಿಭಾಷಿಕತೆ, ಕಳೆಯುವ ದ್ವಿಭಾಷಿಕತೆ ಎಂದು ಎರಡು ಬಗೆ ಮಾಡಿದರು. ಹೊಸ ಭಾಷೆ ಹಳೆಯದರ ಪಕ್ಕದಲ್ಲಿ ಕೂತರೆ ಕೂಡುವುದು. ಹಳೆಯದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತರೆ ಕಳೆಯುವುದು.

"ನೋಡಿ, ಕೆನಡಾದಲ್ಲಿ ಆಯ್ತು, ನಮ್ಮ ಮಗೂಗೂ ಆಗುತ್ತೆ, ಮನೇಲಿ ಹೇಗೂ ಕನ್ನಡ ಮಾತಾಡ್ತೀವಲ್ಲ" ಅನ್ನುವುದು ಸಹಜವಾದ ವಾದ. ತಪ್ಪುವುದು ಎಲ್ಲಿ ಎಂದರೆ, ಆ ಮಕ್ಕಳ ಮನೆಮಾತು ಇಂಗ್ಲಿಷ್. ಶಾಲೆಯ ಹೊರಗೆ ಟಿವಿ, ಪುಸ್ತಕ, ಬ್ಯಾಂಕು, ಕಂಪನಿ, ಗಡಿಯಾಚೆಯ ಅಮೆರಿಕ ಎಲ್ಲವೂ ಇಂಗ್ಲಿಷ್‌ನದೇ. ಇಂಗ್ಲಿಷ್‌ನ ಜಾಗ ಕಿತ್ತುಕೊಳ್ಳುವ ಶಕ್ತಿ ಫ್ರೆಂಚ್ ಶಾಲೆಗೆ ಇರಲಿಲ್ಲ. ಕನ್ನಡದ ಮಗು ಶಾಲೆಯಿಂದ ಹೊರಗೆ ಬಂದರೆ ಮಾಲಿನ ಬೋರ್ಡು, ಮೊಬೈಲಿನ ಆಟ, ಕೆಲಸದ ಸಂದರ್ಶನ ಯಾವ ಭಾಷೆಯಲ್ಲಿದೆ? ಇನ್ನೂ ಒಂದು ವ್ಯತ್ಯಾಸ, ಆ ಮಕ್ಕಳಿಗೆ ಇಂಗ್ಲಿಷನ್ನು ಆಮೇಲೆ ಮೊದಲ ಭಾಷೆಯಾಗಿಯೇ ಗಟ್ಟಿಯಾಗಿ ಕಲಿಸಿದರು. ನಮ್ಮಲ್ಲಿ ಅನೇಕ ಕಡೆ ಕನ್ನಡ ಪೀರಿಯಡ್ ಎಂದರೆ ಪಾಸಾದರೆ ಸಾಕು ಅನ್ನುವ ಪೀರಿಯಡ್.

ಎರವಲು ಪದ ಕಂಡು ಗಾಬರಿ

ಭಾಷೆ ಹಾಳಾಗುತ್ತಿದೆ ಎನ್ನುವವರು ಮೊದಲು ತೋರಿಸುವುದು ಕಲಬೆರಕೆಯನ್ನು. "ಕಾರ್ ಪಾರ್ಕ್ ಮಾಡಿಬಿಟ್ಟು ಬರ್ತೀನಿ" ಅಂದರೆ ಕನ್ನಡ ಸತ್ತಿತು ಎಂದು ಅಲ್ಲ. ವಾಕ್ಯ ನೋಡಿ. ಎರಡು ಪದ ಇಂಗ್ಲಿಷ್, ಅವನ್ನು ಕಟ್ಟಿರುವ ಹಗ್ಗ ಪೂರ್ತಿ ಕನ್ನಡ. "ಮಾಡಿಬಿಟ್ಟು" ಅನ್ನುವುದರಲ್ಲಿರುವ ಆ "ಬಿಡು"ವಿನ ಒಯ್ಯಾರ ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ.

ಜಿಲ್ಲೆ, ವಕೀಲ, ಜಮೀನು, ಅರ್ಜಿ ಎಲ್ಲ ಫಾರ್ಸಿ ಅರಬ್ಬಿ ಕಡೆಯಿಂದ ಬಂದವು. ಆದಿಲ್‌ಶಾಹಿಗಳ ವಿಜಯಪುರದಿಂದ ಹಿಡಿದು ಮೈಸೂರಿನವರೆಗೆ ಕಂದಾಯದ ಲೆಕ್ಕದಲ್ಲಿ ಆ ಭಾಷೆಯ ಪ್ರಭಾವ ಇತ್ತು. ಕನ್ನಡ ಪದ ತೆಗೆದುಕೊಂಡಿತು, ತಾನು ಹೋಗಲಿಲ್ಲ. ಯಾಕೆ? ಫಾರ್ಸಿ ಕಚೇರಿಯಲ್ಲಿತ್ತು, ತೊಟ್ಟಿಲ ಹತ್ತಿರ ಬರಲಿಲ್ಲ. ಹೊಲದಲ್ಲಿ, ಸಂತೆಯಲ್ಲಿ, ಭಜನೆಯಲ್ಲಿ ಕನ್ನಡಕ್ಕೆ ಕೈತುಂಬ ಕೆಲಸ ಇತ್ತು.

ಇನ್ನೂ ಸೊಗಸಾದ ಉದಾಹರಣೆ ಸಾಂಗ್ಲಿ ಜಿಲ್ಲೆಯ ಕುಪವಾಡ. ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಊರು ಜಗತ್ತಿನ ಭಾಷಾಶಾಸ್ತ್ರದ ಪಾಠಗಳಲ್ಲೆಲ್ಲ ಸೇರಿಕೊಂಡಿದೆ. ಅಲ್ಲಿ ಕನ್ನಡ ಆಡುವ ಜೈನರು, ಉರ್ದು ಆಡುವ ಮುಸ್ಲಿಮರು, ಮರಾಠಿಯವರು ನೂರಾರು ವರ್ಷಗಳಿಂದ ಒಟ್ಟಿಗಿದ್ದಾರೆ. ಗಂಡಸರು ಎರಡು ಮೂರು ಭಾಷೆ ಸರಾಗ ಆಡುತ್ತಾರೆ. ಪರಿಣಾಮವಾಗಿ ಭಾಷೆಗಳ ವ್ಯಾಕರಣ ಒಂದಕ್ಕೊಂದು ಎಷ್ಟು ಹತ್ತಿರ ಬಂದಿದೆಯೆಂದರೆ ಪದಕ್ಕೆ ಪದ ಇಟ್ಟರೆ ಅನುವಾದ ಮುಗಿಯುತ್ತದೆ. ನಾವು "ಇದು ನಿಮ್ಮ ಮನೆ" ಎಂದು ಕ್ರಿಯಾಪದ ಇಲ್ಲದೆ ನಿಲ್ಲಿಸುತ್ತೇವೆ. ಅಲ್ಲಿನ ಕನ್ನಡದಲ್ಲಿ ಕೊನೆಗೆ "ಐತಿ" ಸೇರುತ್ತದೆ, ಮರಾಠಿಯ "ಆಹೆ", ಉರ್ದುವಿನ "ಹೈ" ಇದ್ದ ಹಾಗೆ. ಇಷ್ಟಾದರೂ ಮೂರೂ ಭಾಷೆ ಬೇರೆಬೇರೆಯಾಗೇ ಉಳಿದಿವೆ, ಪದಗಳು ಬೇರೆ. ಕಾರಣ ಒಂದೇ: ಮನೆಯೊಳಗೆ, ತಮ್ಮವರ ನಡುವೆ ಆಡುವ ಭಾಷೆಯನ್ನು ಯಾರೂ ಬಿಟ್ಟುಕೊಡಲಿಲ್ಲ.

ಕನ್ನಡದ ಆಕಾರ ಬದಲಾಗುವುದು ಬೇರೆ, ಕನ್ನಡಕ್ಕೆ ಜಾಗ ಇಲ್ಲದಾಗುವುದು ಬೇರೆ. ಬೈಯುವುದಿದ್ದರೆ ಎರಡನೆಯದನ್ನು ಬೈಯೋಣ.

ಗಡಿಯಾರ ಹೇಳುವ ಲೆಕ್ಕ

ಮೂರನೇ ಭಾಷೆಗೆ ವಾರಕ್ಕೆ 40 ನಿಮಿಷದ 4 ಪೀರಿಯಡ್ ಎಂದಿಟ್ಟುಕೊಳ್ಳಿ. ಒಟ್ಟು 2 ಗಂಟೆ 40 ನಿಮಿಷ. ಮಗು ದಿನಕ್ಕೆ 14 ಗಂಟೆ ಎಚ್ಚರ ಇದ್ದರೆ ವಾರಕ್ಕೆ 98 ಗಂಟೆ. ಮೂರನೇ ಭಾಷೆಯ ಪಾಲು ನೂರಕ್ಕೆ 3ಕ್ಕಿಂತ ಕಡಿಮೆ. ಇಷ್ಟರಿಂದ ತಾಯ್ನುಡಿ ಅಳಿಯುವುದು ಸಾಧ್ಯವಿಲ್ಲ. ಆದರೆ ಮಾಧ್ಯಮವೇ ಬದಲಾದರೆ ವಾರಕ್ಕೆ 25-30 ಗಂಟೆ ಹೋಗುತ್ತದೆ. ಅದೂ ಮಗು ಹೊಸದನ್ನು ಕಲಿಯುವ, ಯೋಚಿಸುವ, ಬರೆಯುವ ಗಂಟೆಗಳು.

ಹಾಗೆಂದು ಆ 2 ಗಂಟೆ 40 ನಿಮಿಷ ಪುಕ್ಕಟೆ ಅಂತಲೂ ಅಲ್ಲ. ಚಿಕ್ಕ ತರಗತಿಯಲ್ಲಿ ಅದು ಯಾವುದರಿಂದ ಕಿತ್ತು ಬಂತು ಅನ್ನುವುದು ಮುಖ್ಯ. ಇಂಗ್ಲಿಷ್‌ಗೆ 26 ಅಕ್ಷರ. ಕನ್ನಡದಲ್ಲಿ ಕಾಗುಣಿತ ಸೇರಿದರೆ 400 ದಾಟುತ್ತದೆ, ಒತ್ತಕ್ಷರ ಬೇರೆ. ಕನ್ನಡ ಓದು ಕಲಿಯುವ ಮಕ್ಕಳ ಮೇಲೆ ಸೋನಾಲಿ ನಾಗ್ ಅವರು ನಡೆಸಿದ ಅಧ್ಯಯನಗಳಲ್ಲಿ, ಅಕ್ಷರ ಪೂರ್ತಿ ಕೈಗೆ ಬರಲು ನಾಲ್ಕನೇ ತರಗತಿ, ಕೆಲವರಿಗೆ ಅದರಾಚೆಗೂ ಬೇಕಾಗುತ್ತದೆ ಎಂದು ಕಂಡುಬಂದಿದೆ. ಮಗು ದಡ್ಡ ಎಂದಲ್ಲ, ಲಿಪಿಯ ಸ್ವಭಾವ ಅದು. ಹೀಗಿರುವಾಗ ಒಂದನೇ ತರಗತಿಯಲ್ಲೇ ಮೂರು ಲಿಪಿ ತಂದು ಸುರಿದರೆ ಯಾವುದೂ ಹದಕ್ಕೆ ಬರುವುದಿಲ್ಲ. ಮಾತಿನಲ್ಲಿ ಮೂರು ಭಾಷೆ ಆಡಿಸುವುದು ಸುಲಭ, ಓದು ಬರಹ ಮೂರರಲ್ಲಿ ಒಟ್ಟಿಗೆ ಶುರು ಮಾಡುವುದು ಕಷ್ಟ. ಮೊದಲ ಭಾಷೆಯ ಓದು ಗಟ್ಟಿಯಾದರೆ ಆ ಕೌಶಲ ಎರಡನೆಯದಕ್ಕೂ ದಾಟುತ್ತದೆ ಎಂದು ಕೆನಡಾದ ಜಿಮ್ ಕಮಿನ್ಸ್ 1979ರಿಂದ ಹೇಳುತ್ತ ಬಂದಿದ್ದಾರೆ. ದಾಟಿಸಲು ಮೊದಲು ಈ ದಡದಲ್ಲಿ ಏನಾದರೂ ಇರಬೇಕಲ್ಲ.

ಯಾರ ವಾದ ಎಲ್ಲಿ ನಿಲ್ಲುತ್ತದೆ

ಇಷ್ಟು ಗೊತ್ತಾದ ಮೇಲೆ ವಾದಗಳನ್ನು ತೂಗುವುದು ಸುಲಭ. ಮೂರು ಭಾಷೆಯವರು "ಕಲಿತರೆ ದೊಡ್ಡ ನಷ್ಟವೇನಿಲ್ಲ" ಎನ್ನುವುದು ಸರಿ. ಹೆಸರಿಗೆ ಕಲಿತರೂ ಬುದ್ಧಿ ಚುರುಕಾಗುತ್ತದೆ ಎನ್ನುವುದಕ್ಕೆ ಆಧಾರ ಸಾಲದು. ಹಿಂದಿ ಕಲಿತ ಕರ್ನಾಟಕದ ಮಗುವಿಗೆ ಎದುರಾಗಿ ಕನ್ನಡ ಕಲಿಯುವ ಉತ್ತರದ ಮಗು ಎಲ್ಲಿದೆ ಅನ್ನುವ ಪ್ರಶ್ನೆಗೂ, ಕೇಂದ್ರ ಮೂರು ಭಾಷೆ ಸೂತ್ರ ತಂದ 1968ರಿಂದ ಉತ್ತರ ಬಂದಿಲ್ಲ, ಅದು ಭಾಷೆ ಕಲಿಕೆಯ ಪ್ರಶ್ನೆಯಲ್ಲ, ರಾಜಕೀಯದ್ದು. ಎರಡು ಭಾಷೆಯವರು "ಹೊರೆ ಕಡಿಮೆಯಾಗುತ್ತದೆ" ಎನ್ನುವುದು ಸರಿ. ಮೂರನೆಯದನ್ನು ತೆಗೆದರೆ ಕನ್ನಡ ಉಳಿಯುತ್ತದೆ ಎನ್ನುವುದು ಮಾತ್ರ ತಾನಾಗಿ ಆಗುವಂಥದ್ದಲ್ಲ. ಖಾಲಿಯಾದ ಪೀರಿಯಡ್ ಕನ್ನಡಕ್ಕೇ ಹೋಗುತ್ತದೆ ಎಂದು ಯಾರು ಹೇಳಿದರು? ಗಣಿತಕ್ಕೋ ಕಂಪ್ಯೂಟರಿಗೋ ಹೋಗಬಹುದು.

ತಂದೆತಾಯಿಗಳ ವಾದ ಬೇರೆಯೇ. ಇಂಗ್ಲಿಷ್ ಬಂದರೆ ಅನ್ನ, ಅದಕ್ಕೆ ಮಾಧ್ಯಮವೇ ಇಂಗ್ಲಿಷ್ ಆಗಲಿ. ಮೊದಲರ್ಧ ಒಪ್ಪಬೇಕಾದದ್ದೇ. ಎರಡನೆಯ ಅರ್ಧ ಮೊದಲಿನದರಿಂದ ಹುಟ್ಟುವುದಿಲ್ಲ, ಇಂಗ್ಲಿಷನ್ನು ವಿಷಯವಾಗಿ ಚೆನ್ನಾಗಿ ಕಲಿಸಬಹುದು. ಆದರೆ ಚೆನ್ನಾಗಿ ಕಲಿಸುವ ಟೀಚರ್ ಸರ್ಕಾರಿ ಶಾಲೆಯಲ್ಲಿ ಇಲ್ಲದಿದ್ದರೆ ಅಪ್ಪ ಅಮ್ಮ ಏನು ಮಾಡಬೇಕು? ಅವರನ್ನು ಕನ್ನಡದ್ರೋಹಿ ಎಂದು ಕರೆದರೆ ಸಮಸ್ಯೆ ಬಗೆಹರಿಯುವುದಿಲ್ಲ.

ಹಿಂದೆ 1981ರಲ್ಲಿ ಗೋಕಾಕ್ ವರದಿ ಬಂದು, 1982ರಲ್ಲಿ ಇಡೀ ರಾಜ್ಯ ಬೀದಿಗಿಳಿದಾಗಲೂ ಜಗಳ ಎಷ್ಟು ಭಾಷೆ ಅನ್ನುವುದಕ್ಕಿಂತ ಪ್ರಥಮ ಭಾಷೆಯ ಕುರ್ಚಿ ಯಾರದ್ದು ಅನ್ನುವುದಕ್ಕೇ ಆಗಿತ್ತು. ಮಕ್ಕಳು ಅಂಕ ಸುಲಭ ಎಂದು ಸಂಸ್ಕೃತವನ್ನು ಅಲ್ಲಿ ಕೂರಿಸುತ್ತಿದ್ದರು. ಅಂದಿನವರಿಗೆ ವಿಷಯ ಸರಿಯಾಗಿಯೇ ಹೊಳೆದಿತ್ತು ಅನ್ನಿಸುತ್ತದೆ.

ಕನ್ನಡವೇ ಹೊಸ ಭಾಷೆಯಾದವರು

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಕನ್ನಡ ಮಾತೃಭಾಷೆ ಎಂದವರು ನೂರಕ್ಕೆ 66ರಷ್ಟು. ಉಳಿದ ಮೂರನೇ ಒಂದು ಪಾಲಿಗೆ ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಲಂಬಾಣಿ, ಕೊಡವ ಹೀಗೆ ಮನೆಮಾತು ಬೇರೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಅವರ ಕನ್ನಡಕ್ಕೆ ಅದರಿಂದ ಏನೂ ಕಡಿಮೆಯಾಗಲಿಲ್ಲ, ಅವರು ಓದಿದ್ದು, ಬದುಕಿದ್ದು ಕನ್ನಡದ ಬೀದಿಯಲ್ಲಿ.

ಆದರೆ ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ಒಂದನೇ ತರಗತಿಯ ಕನ್ನಡವೇ ಅಪರಿಚಿತ. ನಾವು ಇಂಗ್ಲಿಷ್ ಮಾಧ್ಯಮದ ಬಗ್ಗೆ ಹೇಳುವ ಒಂದೊಂದು ಮಾತನ್ನೂ ಆ ಮಗು ಕನ್ನಡ ಮಾಧ್ಯಮದ ಬಗ್ಗೆ ಹೇಳಬಹುದು. ಅದರ ಮನೆಮಾತಿಗೆ ಶಾಲೆಯಲ್ಲಿ ಯಾವ ಕೆಲಸವೂ ಇಲ್ಲ. ಗಡಿಯಾಚೆ ಕಾಸರಗೋಡಿನ ಕನ್ನಡಿಗರದ್ದು ಕನ್ನಡಿಯಲ್ಲಿ ಕಂಡ ಇದೇ ಚಿತ್ರ. 2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಅಲ್ಲಿ ಪ್ರತಿಭಟನೆ ಎದ್ದದ್ದು ಮಲಯಾಳ ಕಲಿಯಲು ಆಗುವುದಿಲ್ಲ ಎಂದಲ್ಲ, ಬಹಳ ಜನಕ್ಕೆ ಅದು ಮೊದಲೇ ಬರುತ್ತದೆ. ಕನ್ನಡದ ಜಾಗ ಹೋದೀತು ಅನ್ನುವುದು ಅವರ ಭಯ.

ಮುಂದೆ ಏನಾಗಬಹುದು

ಐದನೇ ತರಗತಿವರೆಗೆ ಮಾತೃಭಾಷೆ ಮಾಧ್ಯಮ ಅನ್ನುವ ಶಿಫಾರಸು ಖಾಸಗಿ ಶಾಲೆಯ ಬಾಗಿಲಲ್ಲೇ ಎಡವುವ ಸಾಧ್ಯತೆ ಹೆಚ್ಚು. 1994ರಲ್ಲಿ ಕರ್ನಾಟಕ ಸರ್ಕಾರ ಇದೇ ಪ್ರಯತ್ನ ಮಾಡಿತ್ತು. 2008ರಲ್ಲಿ ಹೈಕೋರ್ಟ್ ತಡೆಯಿತು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸರ್ಕಾರ ಮಾಧ್ಯಮವನ್ನು ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದು ಎಂದು ಹೇಳುವವರೂ ತಂದೆತಾಯಿಯೇ ಎಂದಿತು. ಹಾಗಾಗಿ ಶಿಫಾರಸು ಜಾರಿಯಾದರೂ ತಟ್ಟುವುದು ಸರ್ಕಾರಿ ಶಾಲೆಗೆ ಮಾತ್ರ. ಖಾಸಗಿ ಶಾಲೆಗಳಲ್ಲಿ ಸರ್ಕಾರದ ಕೈಯಲ್ಲಿರುವುದು ಕನ್ನಡವನ್ನು ಒಂದು ಭಾಷೆಯಾಗಿ ಕಡ್ಡಾಯ ಮಾಡಿದ 2015ರ ಕಾಯ್ದೆ. ಅದು ಪೀರಿಯಡ್ ಕೊಡಿಸುತ್ತದೆ, ಮಾಧ್ಯಮ ಕೊಡಿಸುವುದಿಲ್ಲ.

ಎರಡು ಭಾಷೆ ಸೂತ್ರದಿಂದ ಯಾರೂ ಅಷ್ಟಾಗಿ ಯೋಚಿಸದ ಏಟು ತುಳು, ಕೊಂಕಣಿಗೆ ಬೀಳಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಅವು ಕೂತಿರುವುದು ಮೂರನೇ ಭಾಷೆಯ ಕುರ್ಚಿಯಲ್ಲೇ. ಹಿಂದಿ ಬೇಡವೆಂದು ಆ ಕುರ್ಚಿ ತೆಗೆದರೆ ಅವುಗಳ ಜಾಗವೂ ಹೋಗುತ್ತದೆ. ಮೊದಲ ಭಾಷೆಯಾಗಿ ತುಳು ತೆಗೆದುಕೊಳ್ಳಬಹುದು ಎಂದು ಕಾಗದದಲ್ಲಿ ಬರೆದರೂ, ಆಗ ಆ ಮಗುವಿಗೆ ಶಾಲೆಯಲ್ಲಿ ಕನ್ನಡ ಎಲ್ಲಿ ಸಿಗಬೇಕು?

ಅತ್ತ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿದೆ. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು, ಆಮೇಲೆ ಅದು ಹೆಚ್ಚುತ್ತಲೇ ಬಂದಿದೆ. ಒಂದೇ ಕಟ್ಟಡದಲ್ಲಿ ಅಕ್ಕ ಕನ್ನಡ ಮಾಧ್ಯಮ, ತಮ್ಮ ಇಂಗ್ಲಿಷ್ ಮಾಧ್ಯಮ. ತಮ್ಮನ ತರಗತಿಗೆ ದ್ವಿಭಾಷಾ ಪಠ್ಯಪುಸ್ತಕ ಬರುತ್ತದೆ. ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠ ಕನ್ನಡದಲ್ಲಿ. ಟೀಚರ್ ಎರಡೂ ಪುಟ ಓದಿಸಿದರೆ ಹುಡುಗನಿಗೆ ಆವಿ, ಬೇರು, ದಳ ಎರಡು ಭಾಷೆಯಲ್ಲೂ ಸಿಗುತ್ತವೆ. ಪರೀಕ್ಷೆಗೆ ಬರುವುದು ಇಂಗ್ಲಿಷ್ ಪುಟ ಮಾತ್ರ ಎಂದಾದರೆ, ಎದುರಿನ ಪುಟ ವರ್ಷದ ಕೊನೆಗೂ ಹೊಸದಾಗೇ ಇರುತ್ತದೆ.